ಬೈತಲೆ ಅಗಲವಾಗುವ ವಯಸ್ಸಿನಲ್ಲಿ

ಮುಟ್ಟು ನಿಂತ ಮೇಲೆ ನಮ್ಮ ಮನೆಗಳ ತಾಯಂದಿರಿಗೆ ಬಂದೊದಗುವ ತೊಂದರೆಗಳಲ್ಲಿ ಮೊಣಕಾಲು ನೋವನ್ನು ಎಲ್ಲರೆದುರು ಹೇಳಿಕೊಳ್ಳುವುದುಂಟು. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದನ್ನು, ರಾತ್ರಿ ನಿದ್ರೆ ಬಾರದಿರುವುದನ್ನು ನೆರೆಮನೆಯ ಗೆಳತಿಯೊಡನೆ ಪಿಸುದನಿಯಲ್ಲಿ ಆಡಿಕೊಳ್ಳುವುದುಂಟು. ತಲೆಗೂದಲು ಉದುರುವುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ತಲೆಯ ಮೇಲಿನ ಸೆರಗು ಅದನ್ನು ಮುಚ್ಚುತ್ತದೆ. ಉಳಿದೆಡೆ ಚವರಿಯೂ ಹೂವಿನ ದಂಡೆಯೂ ಆ ಕೆಲಸ ಮಾಡುತ್ತವೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಉಂಡೆ ಮಾಡಿ, ಯಾರಿಗೂ ಕಾಣದಂತೆ ಬಚ್ಚಲ ಮೂಲೆಗೆ ಸೇರಿಸಿ ಹೊರಬರುವ ತಾಯಿಯ ಮನಸ್ಸಿನಲ್ಲಿ ಏನಿರುತ್ತದೆಂಬುದನ್ನು ಮನೆಯ ಗಂಡಸರು ಕೇಳಿದವರೇ ಅಲ್ಲ.

ನಾವು ವೈದ್ಯರಲ್ಲ, ಹಸ್ತಪ್ರತಿ, ಶಾಸ್ತ್ರಗ್ರಂಥಗಳ ನಡುವೆ ಆಯುಷ್ಯ ಕಳೆದವರು. ಆದರೂ ಪ್ರವಚನಕ್ಕೆಂದು ಊರೂರು ತಿರುಗುವಾಗ, ಕಾರ್ಯಕ್ರಮ ಮುಗಿದು ಜನ ಕರಗಿದ ಮೇಲೆ, ಐವತ್ತು ದಾಟಿದ ತಾಯಂದಿರು ಹಿಂಜರಿಯುತ್ತ ಬಂದು, "ಅಪ್ಪಾರ, ಇದಕ್ಕೇನಾದರೂ ಔಷಧ ಬಲ್ಲಿರೇನು?" ಎಂದು ಕೇಳಿದ್ದುಂಟು. ಅವರಿಗಾಗಿ ಬಲ್ಲವರಾದ ವೈದ್ಯರನ್ನು ವಿಚಾರಿಸಿ, ಗ್ರಂಥಗಳನ್ನು ನೋಡಿ ತಿಳಿದುಕೊಂಡುದನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಈ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. ತಲೆಯಲ್ಲಿ ಕೂದಲಿದ್ದರೆ ಹೇಗೆ ಬೇಕಾದರೂ ತುರುಬು ಕಟ್ಟಬಹುದೆಂಬ ಗಾದೆಯಲ್ಲಿ ಕೂದಲೆಂದರೆ ಸಂಪತ್ತು. ಅಂದ ಮೇಲೆ ಅದಿಲ್ಲದವಳು ಬಡವಿಯೇ ಆದಳಲ್ಲ! ಅಕ್ಕಮಹಾದೇವಿಯ ಚಿತ್ರವಿಲ್ಲದ ಮನೆ ನಮ್ಮಲ್ಲಿ ವಿರಳ. ಆ ಚಿತ್ರಗಳಲ್ಲೆಲ್ಲ ನೀಳವಾದ ಕೇಶರಾಶಿಯೇ ಅಕ್ಕನ ಉಡುಗೆ. ಉಟ್ಟುದನ್ನೇ ತೊರೆದು ನಡೆದ ಆ ಮಹಾಶರಣೆಗೆ ಕೂದಲು ಆಭರಣವಾಗಿರಲಿಲ್ಲವೆಂಬುದು ಬೇರೆ ಮಾತು. ಆದರೆ ದಿನವೂ ಆ ಚಿತ್ರಕ್ಕೆ ಕೈಮುಗಿಯುವ ಹೆಣ್ಣುಮಗಳ ಕಣ್ಣಿನಲ್ಲಿ ಹೆಣ್ತನವೂ ಕೂದಲೂ ಒಂದಾಗಿ ಬೆಸೆದುಕೊಂಡಿದ್ದರೆ ಅಚ್ಚರಿಯಿಲ್ಲ. ಆದ್ದರಿಂದ "ಈ ವಯಸ್ಸಿನಲ್ಲಿ ನಿನಗೆ ಕೂದಲಿನ ಚಿಂತೆಯೇ?" ಎಂದು ನಗುವುದು ತರವಲ್ಲ. ಅದೇ ಮನೆಯ ಮಗನ ನೆತ್ತಿ ಇಪ್ಪತ್ತೈದಕ್ಕೆ ತೆಳುವಾದರೆ ಪಟ್ಟಣದ ತಜ್ಞರ ಬಳಿಗೆ ಓಡುವವರು ನಾವೇ ಅಲ್ಲವೇ?

ಆಯುರ್ವೇದವು ಕೂದಲುದುರಿ ತಲೆ ಬೋಳಾಗುವುದನ್ನು ಖಾಲಿತ್ಯವೆಂದೂ, ಅಲ್ಲಲ್ಲಿ ಬಿಲ್ಲೆಯಂತೆ ಉದುರುವುದನ್ನು ಇಂದ್ರಲುಪ್ತವೆಂದೂ ಕರೆಯುತ್ತದೆ. ಹಳೆಯ ವ್ಯಾಖ್ಯಾನಕಾರರಲ್ಲಿ ಒಂದು ಕುತೂಹಲಕರ ಮತವುಂಟು: ತಿಂಗಳು ತಿಂಗಳೂ ರಜಸ್ಸಿನೊಡನೆ ದೋಷಗಳು ಹೊರಹೋಗುವುದರಿಂದ ಸ್ತ್ರೀಯರಿಗೆ ಖಾಲಿತ್ಯವಿಲ್ಲವೆಂದು. ಹಾಗಾದರೆ ರಜಸ್ಸು ನಿಂತ ಮೇಲೆ? ಆ ಪ್ರಶ್ನೆಯನ್ನು ಅವರು ಮುಂದುವರಿಸಲಿಲ್ಲ. ಕಾರಣ ಹೇಳಿದ ಬಗೆ ಇಂದಿನ ವಿಜ್ಞಾನಕ್ಕೆ ಒಪ್ಪುವಂಥದಲ್ಲ. ಆದರೂ ಮುಟ್ಟಿಗೂ ತಲೆಗೂದಲಿಗೂ ನಂಟುಂಟೆಂದು ಅವರು ಕಂಡದ್ದು ಹುಸಿಯಲ್ಲ.

ನಮ್ಮ ದೇಶದ ಸ್ತ್ರೀಯರಲ್ಲಿ ಮುಟ್ಟು ಸಾಮಾನ್ಯವಾಗಿ 45ರಿಂದ 50ರ ನಡುವೆ ನಿಲ್ಲುತ್ತದೆ. ಆಗ ಈಸ್ಟ್ರೋಜನ್ ಎಂಬ ಹಾರ್ಮೋನು ಬಹಳವಾಗಿ ಇಳಿಯುತ್ತದೆ. ಪುರುಷ ಹಾರ್ಮೋನುಗಳೆಂದು ಕರೆಯಲ್ಪಡುವವು ಹೆಣ್ಣಿನ ದೇಹದಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿದ್ದು, ಅವು ಅಷ್ಟು ಬೇಗ ಇಳಿಯವು. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿದ್ದು, ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳು ವಿಶ್ರಮಿಸಿ, ಉದುರಿ, ಮತ್ತೆ ಅದೇ ಬುಡದಿಂದ ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಆದರೆ ವಂಶವಾಹಿಯಲ್ಲಿ ಒಲವಿದ್ದವರಲ್ಲಿ ಈ ಬೆಳವಣಿಗೆಯ ಕಾಲ ವರ್ಷದಿಂದ ವರ್ಷಕ್ಕೆ ಮೊಟಕಾಗುತ್ತ, ಕೂದಲಿನ ಬುಡ ಕುಗ್ಗುತ್ತ, ಹುಟ್ಟುವ ಎಳೆ ಸಣ್ಣದಾಗುತ್ತ ಹೋಗುತ್ತದೆ. ಗಂಡಸರಂತೆ ಹಣೆಯ ಅಂಚು ಹಿಂದೆ ಸರಿಯುವುದಿಲ್ಲ. ನಡುನೆತ್ತಿ ತೆಳುವಾಗಿ, ಬೈತಲೆ ಅಗಲವಾಗುತ್ತದೆ. 1977ರಲ್ಲಿ ಲುಡ್ವಿಗ್ ಎಂಬ ವೈದ್ಯ ಇದನ್ನು ಮೂರು ಹಂತಗಳಾಗಿ ವಿಂಗಡಿಸಿದನು; ಇಂದಿಗೂ ಚರ್ಮರೋಗ ತಜ್ಞರು ಅದನ್ನು ಬಳಸುತ್ತಾರೆ. ಪೂರ್ಣವಾಗಿ ಬೋಳಾಗುವುದು ಸ್ತ್ರೀಯರಲ್ಲಿ ಬಹು ವಿರಳವೆಂಬುದೊಂದು ಸಮಾಧಾನ.

ಆದರೆ ನಾವು ಒತ್ತಿ ಹೇಳಬೇಕಾದ ಮಾತು ಇದಲ್ಲ. ಐವತ್ತರ ಆಸುಪಾಸಿನಲ್ಲಿ ಉದುರಿದ್ದೆಲ್ಲ ವಯಸ್ಸಿನ ಉದುರುವಿಕೆಯೆಂದು ತಿಳಿದು ಸುಮ್ಮನಿರುವುದೇ ದೊಡ್ಡ ಕೇಡು. ಮುಟ್ಟು ನಿಲ್ಲುವ ಮುನ್ನಿನ ಎರಡು ಮೂರು ವರ್ಷ ಅನೇಕರಿಗೆ ಅತಿಯಾದ ಸ್ರಾವವಾಗುತ್ತದೆ. ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರುತ್ತದೆ. ಅದೂ ವಯಸ್ಸೆಂದೇ ಲೆಕ್ಕ. ಸ್ತ್ರೀಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹಿಮೋಗ್ಲೋಬಿನ್ ಸರಿಯಿದ್ದೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದನ್ನು ಫೆರಿಟಿನ್ ಪರೀಕ್ಷೆ ತೋರಿಸುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆಯೂ ಇದೇ ವಯಸ್ಸಿನಲ್ಲಿ ಹೆಚ್ಚು: ಕೂದಲು ಒರಟಾಗಿ ಉದುರುವುದು, ಮೈ ತೂಕವೇರುವುದು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಅದರ ಗುರುತು. ಶಾಕಾಹಾರಿಗಳಾದ ನಮ್ಮಲ್ಲಿ ಬಿ12 ಜೀವಸತ್ವದ ಅಭಾವವೂ ಸಾಮಾನ್ಯ. ಇವೆಲ್ಲ ಒಂದೇ ಸಲ ರಕ್ತ ಕೊಟ್ಟರೆ ತಿಳಿಯುವಂಥವು, ತಿಳಿದರೆ ಚಿಕಿತ್ಸೆಯುಳ್ಳವು. ಕೂದಲು ಇಲ್ಲಿ ದೂತನಂತೆ ಬಂದು ಸುದ್ದಿ ಹೇಳುತ್ತಿದೆ. ದೂತನಿಗೆ ಎಣ್ಣೆ ಹಚ್ಚಿ ಕಳುಹಿಸಿದರೆ ಸುದ್ದಿ ಸುಳ್ಳಾಗದು.

ಇನ್ನೊಂದು ಬಗೆಯುಂಟು. ಟೈಫಾಯ್ಡ್, ಡೆಂಗೀ ಮುಂತಾದ ಜ್ವರ, ಶಸ್ತ್ರಚಿಕಿತ್ಸೆ, ಮನೆಯಲ್ಲಿ ಸಾವು, ಇಂಥ ಆಘಾತವಾದ ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿ ಹಿಡಿಯಾಗಿ ಉದುರುತ್ತದೆ. 2020-21ರ ಕೋವಿಡ್ ಕಾಲದಲ್ಲಿ ಇದನ್ನು ಕಂಡವರು ಅನೇಕರು. ನಡುವೆ ತಿಂಗಳುಗಳು ಕಳೆದಿರುವುದರಿಂದ ಕಾರಣ ಹೊಳೆಯುವುದಿಲ್ಲ. ಭಯಪಡಬೇಕಿಲ್ಲ, ಬುಡ ಸತ್ತಿರುವುದಿಲ್ಲವಾದ್ದರಿಂದ ಆರೇಳು ತಿಂಗಳಲ್ಲಿ ಬಹುತೇಕ ತಾನಾಗಿಯೇ ನಿಲ್ಲುತ್ತದೆ.

ಭಯಪಡಬೇಕಾದದ್ದೂ ಒಂದುಂಟು. ಹಣೆಯ ಮೇಲಿನ ಕೂದಲಿನ ಅಂಚು ಪಟ್ಟಿಯಾಗಿ ಹಿಂದೆ ಸರಿಯುವುದು, ಅಲ್ಲಿನ ಚರ್ಮ ನುಣುಪಾಗಿ ಹೊಳೆಯುವುದು, ಹುಬ್ಬು ತೆಳುವಾಗುವುದು, ತುರಿಕೆ ಅಥವಾ ಉರಿ ಇರುವುದು. 1994ರಲ್ಲಿ ಆಸ್ಟ್ರೇಲಿಯದ ಕೊಸಾರ್ಡ್ ಎಂಬ ವೈದ್ಯ ಇದನ್ನು ಮೊದಲಿಗೆ ವರ್ಣಿಸಿದ್ದು ಮುಟ್ಟು ನಿಂತ ಸ್ತ್ರೀಯರಲ್ಲಿಯೇ. ಇದರಲ್ಲಿ ಕೂದಲಿನ ಬುಡವೇ ಗಾಯಗಟ್ಟಿ ನಾಶವಾಗುವುದರಿಂದ ಹೋದದ್ದು ಮರಳಿ ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳಲು ವಿಳಂಬವಿಲ್ಲದೆ ಚರ್ಮರೋಗ ತಜ್ಞರನ್ನು ಕಾಣಬೇಕು. ಹಾಗೆಯೇ ಕೂದಲುದುರುವಿಕೆಯೊಡನೆ ಮುಖದಲ್ಲಿ ಗಡ್ಡದಂತೆ ಕೂದಲು ಬೇಗ ಬೇಗ ಬೆಳೆದು ದನಿ ಗಡುಸಾದರೂ ತಡಮಾಡಬಾರದು.

ವಯಸ್ಸಿನ ಉದುರುವಿಕೆಯೇ ಎಂದು ನಿಶ್ಚಯವಾದಲ್ಲಿ ಮಿನಾಕ್ಸಿಡಿಲ್ ಎಂಬ ದ್ರಾವಣ ಹೆಚ್ಚು ಪರೀಕ್ಷಿತವಾದ ಔಷಧ. ಮೊದಲು ಇದು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದುದನ್ನು ಕಂಡು ತಲೆಗೆ ಹಚ್ಚುವ ಔಷಧವಾಗಿಸಿದರು. ಅಮೆರಿಕದಲ್ಲಿ ಸ್ತ್ರೀಯರಿಗೆ ಇದರ 2 ಪ್ರತಿಶತದ ದ್ರಾವಣಕ್ಕೆ 1991ರಲ್ಲಿ ಒಪ್ಪಿಗೆ ದೊರೆಯಿತು. ಇದನ್ನು ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ ಹಚ್ಚಬೇಕು. ಹಣೆಗೆ ಇಳಿದರೆ ಮುಖದಲ್ಲಿ ಕೂದಲು ಮೂಡಬಹುದು. ಮೊದಲ ಕೆಲವು ವಾರ ಉದುರುವುದು ಹೆಚ್ಚೇ ಆಗುತ್ತದೆ. ಬಹುಮಂದಿ ಇಲ್ಲಿಯೇ ಹೆದರಿ ಬಿಟ್ಟುಬಿಡುತ್ತಾರೆ. ಹಳೆಯ ಕೂದಲು ಹೊಸದಕ್ಕೆ ಎಡೆಮಾಡಿಕೊಡುವ ಕ್ರಮವದು. ನಾಲ್ಕರಿಂದ ಆರು ತಿಂಗಳ ಮೇಲಷ್ಟೇ ಫಲ ತಿಳಿಯುತ್ತದೆ. ಬಿಟ್ಟರೆ ಪಡೆದದ್ದು ಮತ್ತೆ ಹೋಗುತ್ತದೆ. ಯೌವನದ ಜಡೆ ಇದರಿಂದ ಮರಳದು. ಹೃದ್ರೋಗ, ರಕ್ತದೊತ್ತಡವಿರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಹಾರ್ಮೋನು ಮಾತ್ರೆಗಳನ್ನು ತಾವಾಗಿಯೇ ತಂದು ನುಂಗುವುದಂತೂ ಸರ್ವಥಾ ಕೂಡದು.

ಎಣ್ಣೆಯ ವಿಷಯ ಹೇಳದೆ ಹೋದರೆ ತಾಯಂದಿರು ನಮ್ಮನ್ನು ಬಿಡಲಾರರು. ಗರಗದ ಸೊಪ್ಪಿನ ಎಣ್ಣೆ, ದಾಸವಾಳದ ಲೋಳೆ, ಸೀಗೆಕಾಯಿ ಇವೆಲ್ಲ ಕೂದಲನ್ನು ನಯವಾಗಿಡುತ್ತವೆ, ಎಳೆ ತುಂಡಾಗುವುದನ್ನು ತಡೆಯುತ್ತವೆ, ತಲೆ ತಂಪಾದ ಹಿತವನ್ನೂ ಕೊಡುತ್ತವೆ. ಅಷ್ಟಕ್ಕೆ ಸಂತೋಷ. ಕುಗ್ಗಿದ ಬುಡವನ್ನು ಅವು ಹಿಗ್ಗಿಸುತ್ತವೆಂದು ನಂಬಿ ಸಾವಿರಾರು ರೂಪಾಯಿಯ ಬಾಟಲಿ ಕೊಳ್ಳಬೇಕಿಲ್ಲ. ಬಯೋಟಿನ್ ಮಾತ್ರೆಗಳ ಪ್ರಚಾರ ಈಗ ಬಲು ಜೋರು. ಅದರ ಕೊರತೆ ಇರುವವರು ಬಹಳ ವಿರಳ. ಮೇಲಾಗಿ ಅದು ಥೈರಾಯ್ಡ್ ಮತ್ತು ಹೃದಯದ ಕೆಲವು ರಕ್ತಪರೀಕ್ಷೆಗಳನ್ನು ತಪ್ಪಾಗಿ ತೋರಿಸಬಲ್ಲದೆಂದು 2017ರಲ್ಲಿ ಅಮೆರಿಕದ ಔಷಧ ಆಡಳಿತ ಎಚ್ಚರಿಸಿತು. ಪರೀಕ್ಷೆಗೆ ಹೋಗುವಾಗ ಆ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಹೇಳಬೇಕು. ಕಪ್ಪು ಮೆಹೆಂದಿ ಎಂದು ಮಾರುವ ಪುಡಿಯಲ್ಲಿ ಬಹುಮಟ್ಟಿಗೆ ರಾಸಾಯನಿಕ ಬಣ್ಣವೇ ಬೆರೆತಿರುತ್ತದೆ. ಅದರಿಂದ ನೆತ್ತಿ ಉರಿದು ಮುಖ ಬಾತವರುಂಟು. ಅಪ್ಪಟ ಮದರಂಗಿ ಕೆಂಪೇ ಹೊರತು ಕಪ್ಪಲ್ಲ.

ತುರುಬನ್ನು ಬಿಗಿಯಾಗಿ ಎಳೆದು ಕಟ್ಟುವುದನ್ನು, ಭಾರದ ಚವರಿಯನ್ನು ದಿನವಿಡೀ ತೊಡುವುದನ್ನು ಬಿಡುವುದು ಒಳ್ಳೆಯದು. ಎಳೆತಕ್ಕೇ ಬುಡ ಸಡಿಲವಾಗುತ್ತದೆ. ಸಡಿಲ ಜಡೆ, ಬೈತಲೆಯನ್ನು ಆಗಾಗ ಒಂದು ಪಕ್ಕಕ್ಕೆ ಬದಲಿಸುವುದು, ಬೇಕೆನಿಸಿದರೆ ಕೂದಲನ್ನು ಮೊಟಕು ಮಾಡಿಸಿಕೊಳ್ಳುವುದು, ನೆತ್ತಿಗೆ ಹಗುರವಾದ ಟೋಪನ್ ತೊಡುವುದು, ಇದರಲ್ಲಿ ಯಾವುದೂ ಅಮರ್ಯಾದೆಯಲ್ಲ.

ಊಟದ ವಿಚಾರದಲ್ಲಿ ನಮ್ಮ ಮನೆಗಳ ರೀತಿಯನ್ನೇ ದೂರಬೇಕಾಗಿದೆ. ಎಲ್ಲರೂ ಉಂಡ ಮೇಲೆ ಉಳಿದ ರೊಟ್ಟಿ, ತಳದ ಸಾರು ತಾಯಿಯ ಪಾಲು. ಕಾಳಿನ ಪಲ್ಯ ಅಷ್ಟರಲ್ಲಿ ಮುಗಿದಿರುತ್ತದೆ. ಕೂದಲೆಂದರೆ ಮುಖ್ಯವಾಗಿ ಪ್ರೋಟೀನು. ಹೆಸರು, ಮಡಕಿ, ಕಡಲೆ, ಶೇಂಗಾ, ಮೊಸರು ಆಕೆಯ ತಟ್ಟೆಗೂ ಮೊದಲೇ ಬಡಿಸಲ್ಪಡಬೇಕು. ಕಾಳಿನ ಮೇಲೆ ನಿಂಬೆ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ, ಗಂಟೆ ಹೊತ್ತು ತಡೆಯಬೇಕು.

ಮಗಳೋ ಸೊಸೆಯೋ ಮಾಡಬಹುದಾದ ಕೆಲಸವೊಂದುಂಟು. ಮೂರು ತಿಂಗಳಿಗೊಮ್ಮೆ, ಅದೇ ಕಿಟಕಿಯ ಬೆಳಕಿನಲ್ಲಿ, ಒಣಗಿದ ಕೂದಲನ್ನು ನಡುವೆ ಬೈತಲೆ ತೆಗೆದು, ಮೊಬೈಲಿನಲ್ಲಿ ಒಂದು ಚಿತ್ರ ಹಿಡಿದಿಡುವುದು. ಔಷಧ ಫಲಿಸುತ್ತಿದೆಯೋ ಇಲ್ಲವೋ ಎಂಬುದನ್ನು ಕನ್ನಡಿ ಹೇಳಲಾರದು, ಆ ಚಿತ್ರಗಳು ಹೇಳುತ್ತವೆ. ವೈದ್ಯರಿಗೂ ಅವು ಉಪಯುಕ್ತ. ಮೊದಲ ಸಲ ಸೆರಗು ಸರಿಸಲು ತಾಯಿ ಒಪ್ಪಲಿಕ್ಕಿಲ್ಲ. ಎಣ್ಣೆ ಹಚ್ಚುವ ನೆಪದಲ್ಲಿ ಹತ್ತಿರ ಕೂತರೆ ಒಪ್ಪಿಯಾರು.