ಬಾವಿಯ ಅಂತರವೂ ಚಾರ್ಜಿಂಗ್ ಕೇಂದ್ರದ ಅಂತರವೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕಶಾಸನವನ್ನು 1892ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದರು. ದಾರಿಯಲ್ಲಿ ಬಾವಿಗಳನ್ನು ತೋಡಿಸಿದ ಸಂಗತಿಯಾದರೋ ಅದರಲ್ಲಿಲ್ಲ. ಅದೇ ಅರಸನ ದೆಹಲಿ-ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿದೆ. ಅಲ್ಲಿ ಹೇಳಿರುವುದು ಬಾವಿಗಳ ಸಂಖ್ಯೆಯನ್ನಲ್ಲ, ಅವುಗಳ ನಡುವಣ ಅಂತರವನ್ನು. ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರಗಳಿಗೂ ಈ ನ್ಯಾಯವೇ ಸಲ್ಲುವುದು. ಹೆದ್ದಾರಿಯ ಉಭಯ ಪಾರ್ಶ್ವಗಳಲ್ಲಿಯೂ 25 ಕಿಲೋಮೀಟರಿಗೊಂದು ಕೇಂದ್ರವಿರಬೇಕೆಂದು ಕೇಂದ್ರ ಸರ್ಕಾರವು 2018ರಲ್ಲಿ ಸೂಚಿಸಿತು. ಪೆಟ್ರೋಲನ್ನು ಡಬ್ಬಿಯಲ್ಲಿ ತಂದು ತುಂಬಬಹುದು. ವಿದ್ಯುತ್ತನ್ನು ಹಾಗೆ ತರಲಾಗದು. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ಚಳ್ಳಕೆರೆಯೊಂದರಲ್ಲಿಯೇ ಹತ್ತು ಕೇಂದ್ರಗಳಿದ್ದರೂ, ರಾಂಪುರದ ಬಯಲಿನಲ್ಲಿ ಬ್ಯಾಟರಿ ಬರಿದಾದ ಪಯಣಿಗನಿಗೆ ಅವುಗಳಿಂದ ಪ್ರಯೋಜನವಿಲ್ಲ. ಆದುದರಿಂದ ಇಂತಹ ಜಾಲದ ಯೋಗ್ಯತೆಯನ್ನು ಕೇಂದ್ರಗಳ ಎಣಿಕೆಯಿಂದಲ್ಲ, ಎರಡು ಕೇಂದ್ರಗಳ ನಡುವೆ ಉಳಿದಿರುವ ಅತಿ ದೀರ್ಘವಾದ ದಾರಿಯಿಂದ ಅಳೆಯತಕ್ಕದ್ದು.