ಚೆಂಡು ಕಾಣದ ವಾಚು

ಕೋಲಿನಿಂದ ಚೆಂಡು ಹೊಡೆದು ಕುಳಿಗೆ ಬೀಳಿಸುವ ಆಟ ಗಾಲ್ಫ್. ಕೆಲವು ಆಟಗಾರರು ಕೈಗೆ ಜಿಪಿಎಸ್ ವಾಚು ಕಟ್ಟುತ್ತಾರೆ. ಚೆಂಡು ಎಷ್ಟು ದೂರ ಹೋಯ್ತು ಅಂತ ಅದು ಹೇಳುತ್ತದೆ. ಆದರೆ ಅದಕ್ಕೆ ಚೆಂಡು ಕಾಣುವುದೇ ಇಲ್ಲ! ಮತ್ತೆ ಹೇಗೆ?

ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಂಕೇತ ಕಳಿಸುತ್ತವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ಬಂದು ಮುಟ್ಟಿದ ಸಮಯ ಲೆಕ್ಕ ಹಾಕಿ ವಾಚು ತಾನಿರುವ ಜಾಗ ತಿಳಿಯುತ್ತದೆ. ಚೆಂಡು ಹೊಡೆದ ಜಾಗ ಒಂದು, ನಡೆದುಹೋಗಿ ಮತ್ತೆ ಹೊಡೆದ ಜಾಗ ಇನ್ನೊಂದು. ಇವೆರಡರ ನಡುವಿನ ದೂರವೇ ಆ ಹೊಡೆತದ ದೂರ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಜನಸಾಮಾನ್ಯರ ಸಂಕೇತವನ್ನು ಬೇಕೆಂತಲೇ ಕೆಡಿಸುತ್ತಿತ್ತು. 100 ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಈಗ ತೆರೆದ ಬಯಲಲ್ಲಿ ಕೆಲವೇ ಮೀಟರ್.

ದೂರ ಅಳೆಯುವುದಕ್ಕಿಂತ ಲೆಕ್ಕ ಬರೆದಿಡುವುದೇ ಅದರ ದೊಡ್ಡ ಕೆಲಸ ಅಂತ ನನಗನಿಸುತ್ತದೆ. ಒಬ್ಬನ 5 ಹೊಡೆತ 150, 120, 125, 130, 125 ಮೀಟರ್ ಅನ್ನಿ. ಸರಾಸರಿ 130. ಎದುರಿಗೆ 140 ಮೀಟರ್‌ವರೆಗೂ ನೀರಿನ ಹೊಂಡ ಇದೆ. 150 ಹೊಡೆದದ್ದನ್ನೇ ನಂಬಿದರೆ ಚೆಂಡು ನೀರುಪಾಲು! ಸರಾಸರಿ ನೋಡಿದವನು ಬೇರೆ ಕೋಲು ತೆಗೆದುಕೊಳ್ಳುತ್ತಾನೆ.

ನಮ್ಮ ಗುಂಡು ಎಸೆತಕ್ಕೂ ಇದೇ ಲೆಕ್ಕ ಸಾಕಲ್ಲವೇ? ವಾಚು ಬೇಡ, ಒಂದು ಟೇಪು, ಒಂದು ನೋಟ್‌ಬುಕ್ಕು ಇದ್ದರೆ ಆಯ್ತು. ಚೆನ್ನಾಗಿ ಬಿದ್ದದ್ದನ್ನೂ ಬರೆಯೋಣ, ಹತ್ತಿರ ಬಿದ್ದದ್ದನ್ನೂ ಬರೆಯೋಣ.