ಏಣಿಯಿಂದ ಕೆಳಗಿಳಿಸಿದ ನೀರುಗೋಲು

ಬೋರ್‌ವೆಲ್ ನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನು ಒರೆಸದೆ ಬಿಸಿಲಿಗೆ ಬೋರಲು ಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಮೈತುಂಬ ಬಿಳಿ ಚುಕ್ಕೆ. ನೀರು ಆವಿಯಾಗಿ ಹೋಗಿರುತ್ತದೆ, ಅದರಲ್ಲಿ ಕರಗಿದ್ದ ಸುಣ್ಣದಂಶ ಮಾತ್ರ ಉಳಿದಿರುತ್ತದೆ. ಕಿಟಕಿ ಗಾಜಿನದೂ ಇದೇ ಪಾಡು. ಗಾಜನ್ನು ತೊಳೆಯುವುದು ಸುಲಭ. ತೊಳೆದ ನೀರು ಕಲೆ ಬಿಡದಂತೆ ನೋಡಿಕೊಳ್ಳುವುದು ಕಷ್ಟ. ಆ ಕಷ್ಟಕ್ಕಾಗಿ ಒರೆಸುವ ಬಟ್ಟೆ ಬಂತು, ರಬ್ಬರ್ ಪಟ್ಟಿಯ ಸ್ಕ್ವೀಜಿ ಬಂತು. ಅವನ್ನು ಹಿಡಿದ ಕೈ ಗಾಜನ್ನು ಮುಟ್ಟಬೇಕಲ್ಲ, ಅದಕ್ಕೆ ಏಣಿಯೂ ಬಂತು.

ಒರೆಸುವ ಅಗತ್ಯವೇ ಇಲ್ಲದ ನೀರು ಸಿಕ್ಕರೆ ಏಣಿಯೂ ಬೇಕಿಲ್ಲ. ಈ ಸರಳ ಯೋಚನೆಯ ಮೇಲೆ ನಿಂತದ್ದು ‘ವಾಟರ್ ಫೆಡ್ ಪೋಲ್’. ನಾವು ಅದನ್ನು ನೀರುಗೋಲು ಎನ್ನೋಣ. ಒಂದರೊಳಗೊಂದು ಸೇರಿಕೊಳ್ಳುವ ಹಗುರ ಕೊಳವೆಗಳ ಉದ್ದನೆಯ ಕೋಲು, ಅದರೊಳಗೆ ಸಣ್ಣ ಪೈಪು, ತುದಿಯಲ್ಲಿ ಬ್ರಷ್, ಬ್ರಷ್ಷಿನ ಮೈಯಲ್ಲಿ ನೀರು ಚಿಮ್ಮಿಸುವ ಜೆಟ್‌ಗಳು. ಕೆಲಸಗಾರ ನೆಲದ ಮೇಲೆ ನಿಂತು ಮೂರನೇ ಮಹಡಿಯ ಗಾಜನ್ನು ಉಜ್ಜುತ್ತಾನೆ, ತೊಳೆಯುತ್ತಾನೆ, ಹಾಗೇ ಒಣಗಲು ಬಿಟ್ಟು ಮುಂದಿನ ಕಿಟಕಿಗೆ ಹೋಗುತ್ತಾನೆ.

ಬ್ರಿಟನ್ನಿನ ಬೀದಿಗಳಲ್ಲಿ

ಈ ಕಸುಬು ಚೆನ್ನಾಗಿ ಬೇರುಬಿಟ್ಟಿರುವುದು ಬ್ರಿಟನ್ನಿನಲ್ಲಿ. ಅಲ್ಲಿ ಕಿಟಕಿ ತೊಳೆಯುವವನು ನಮ್ಮ ಹಾಲಿನವನ ಹಾಗೆ ವರ್ತನೆಯ ಮನುಷ್ಯ. ನಾಲ್ಕು ವಾರಕ್ಕೋ ಎಂಟು ವಾರಕ್ಕೋ ಒಮ್ಮೆ ಬಂದು ಹೋಗುತ್ತಾನೆ. ಅವನ ಕಾಯಂ ಮನೆಗಳ ಸಾಲಿಗೆ ‘ರೌಂಡ್’ ಎಂದು ಹೆಸರು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಎಟ್ಟೋರೆ ಸ್ಟೆಕ್ಕೋನೆ ಹಗುರವಾದ ಹಿತ್ತಾಳೆಯ ಸ್ಕ್ವೀಜಿಗೆ ಪೇಟೆಂಟ್ ಪಡೆದದ್ದು 1936ರಲ್ಲಿ. ಅದೇ ವರ್ಷ ಜಾರ್ಜ್ ಫಾರ್ಮ್‌ಬಿ ಎಂಬ ಇಂಗ್ಲಿಷ್ ಹಾಸ್ಯಗಾಯಕ ಕಿಟಕಿ ತೊಳೆಯುವವನ ಮೇಲೆ ಹಾಡಿದ ಹಾಡು ಮನೆಮಾತಾಯಿತು. ಆ ಕಾಲದ ಕಣ್ಣಿನಲ್ಲಿ ಕಿಟಕಿ ತೊಳೆಯುವವನೆಂದರೆ ಏಣಿ ಹತ್ತಿದವನೇ.

ಏಣಿ ಅಂದಮೇಲೆ ಬೀಳುವುದೂ ಇತ್ತು. 2005ರ ಏಪ್ರಿಲ್ 6ರಂದು ಬ್ರಿಟನ್ನಿನಲ್ಲಿ ಎತ್ತರದ ಕೆಲಸಗಳ ಸುರಕ್ಷತೆಗೆಂದೇ ಹೊಸ ನಿಯಮಾವಳಿ ಜಾರಿಗೆ ಬಂತು. ಅದು ಏಣಿಯನ್ನು ನಿಷೇಧಿಸಲಿಲ್ಲ. ಎತ್ತರಕ್ಕೆ ಹೋಗದೆ ಮಾಡಬಹುದಾದ ಕೆಲಸವನ್ನು ಹೋಗದೆಯೇ ಮಾಡಬೇಕು ಎಂಬುದನ್ನು ಮೊದಲ ಸೂತ್ರವಾಗಿಸಿತು. ನೀರುಗೋಲು ಆ ಹೊತ್ತಿಗಾಗಲೇ ಬಳಕೆಯಲ್ಲಿತ್ತು. ಕಾನೂನಿನ ಈ ಒತ್ತಾಸೆ ಸಿಕ್ಕ ಮೇಲೆ ಅದು ವ್ಯಾನಿನಿಂದ ವ್ಯಾನಿಗೆ ಹರಡಿತು.

ಮೊದಲು ನೀರು

ಕುಡಿಯುವ ನೀರಿನ ಫಿಲ್ಟರ್ ಕೊಂಡವರಿಗೆಲ್ಲ ಟಿಡಿಎಸ್ ಎಂಬ ಮೂರಕ್ಷರ ಗೊತ್ತು. ನೀರಿನಲ್ಲಿ ಕರಗಿರುವ ಘನವಸ್ತುಗಳ ಲೆಕ್ಕ ಅದು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ಗಾಜಿನ ನಾಲಿಗೆ ನಮ್ಮದಕ್ಕಿಂತ ಸೂಕ್ಷ್ಮ. ಕಲೆ ಬೀಳಬಾರದೆಂದರೆ ಟಿಡಿಎಸ್ 10ರ ಒಳಗಿರಬೇಕು. ಕಸುಬುದಾರರು ಮೀಟರಿನಲ್ಲಿ ಸೊನ್ನೆ ಕಾಣುವವರೆಗೆ ಬಿಡುವುದಿಲ್ಲ. ಅದಕ್ಕಾಗಿ ನೀರನ್ನು ಆರ್‌ಒ ಪೊರೆಯ ಮೂಲಕ ಹಾಯಿಸಿ, ಉಳಿದ ಲವಣವನ್ನು ರೆಸಿನ್ ಹರಳುಗಳಿಗೆ ಹೀರಿಸುತ್ತಾರೆ. ಲಂಡನ್ನಿನ ನೀರು ಸುಣ್ಣದಂಶ ತುಂಬಿದ ಗಡಸು ನೀರು. ಬರೀ ರೆಸಿನ್ ನಂಬಿದರೆ ಅದು ಬೇಗ ಮುಗಿಯುತ್ತದೆ, ಆದ್ದರಿಂದ ಆರ್‌ಒ ಬೇಕೇ ಬೇಕು. ಲಾಕ್ ಕ್ಯಾಟ್ರಿನ್ ಸರೋವರದ ಮೆದು ನೀರು ಕುಡಿಯುವ ಗ್ಲಾಸ್ಗೋದಲ್ಲಿ ರೆಸಿನ್ ಒಂದರಿಂದಲೇ ಕೆಲಸ ಸಾಗುತ್ತದೆ.

ಇಷ್ಟಾದರೂ ನೀರು ತಾನೇ ಕೊಳೆ ಬಿಡಿಸದು. ಬಿಡಿಸುವುದು ಬ್ರಷ್, ಒಯ್ಯುವುದು ಜೆಟ್. ಕಸುಬಿನ ಜಾಣ್ಮೆ ಇರುವುದು ಈ ಜೋಡಿಯನ್ನು ಹೊಂದಿಸುವುದರಲ್ಲಿ.

ಕೂದಲ ಗುಣ

ಬ್ರಷ್ಷಿನ ಕೂದಲಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನೈಲಾನ್ ಅಥವಾ ಪಾಲಿಯೆಸ್ಟರ್ ಜಾತಿಯ ನೇರ ಎಳೆ, ಮಾನೊಫಿಲಮೆಂಟ್. ಗಾಜಿನ ಮೇಲೆ ಸಲೀಸಾಗಿ ಜಾರುತ್ತದೆ, ಬೇಗ ಸವೆಯುವುದಿಲ್ಲ. ತಿಂಗಳು ತಿಂಗಳು ತೊಳೆಯುವ ಮನೆಗಳಲ್ಲಿ ಕೊಳೆ ತೆಳುವಾಗಿರುತ್ತದೆ. ಅಲ್ಲಿಗೆ ಇದೇ ಸರಿ.

ಎರಡನೆಯದು ತುದಿ ಸೀಳಿದ ಎಳೆ. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು ಹಲ್ಲುಜ್ಜುತ್ತಿದ್ದರಲ್ಲ, ಅದೇ ತತ್ತ್ವ. ಸೀಳಿದ ತುದಿ ಹೆಚ್ಚು ನೀರು ಹಿಡಿಯುತ್ತದೆ, ಮೆತ್ತಗಿರುತ್ತದೆ, ಗಾಜಿನ ಹೆಚ್ಚು ಜಾಗವನ್ನು ಮುಟ್ಟುತ್ತದೆ. ಬಳಸಿದಂತೆ ಆ ಸೀಳು ಸವೆದು ಅದೂ ಮೊದಲ ಜಾತಿಗೇ ಸೇರಿಬಿಡುತ್ತದೆ.

ಮೂರನೆಯದು ಹಂದಿಕೂದಲು. ಅದರ ತುದಿ ಹುಟ್ಟಿನಿಂದಲೇ ಸೀಳಿರುತ್ತದೆ. ವರ್ಷಗಟ್ಟಲೆ ತೊಳೆಯದ ಗಾಜು, ಒಣಗಿದ ಹಕ್ಕಿ ಹಿಕ್ಕೆ, ಜೇಡನ ಕಲೆ ಇವುಗಳ ಮುಂದೆ ನೈಲಾನ್ ಸೋತಾಗ ಇದನ್ನು ಹೊರತೆಗೆಯುತ್ತಾರೆ. ನೀರು ಕುಡಿದರೆ ಭಾರ, ಬೆಲೆಯೂ ಹೆಚ್ಚು, ಬಳಸಿದ ಮೇಲೆ ಚೆನ್ನಾಗಿ ಒಣಗಿಸಿಡಬೇಕು. ಇವುಗಳ ನಡುವೆ ಮಿಶ್ರ ಬ್ರಷ್‌ಗಳಿವೆ. ನಡುವಿನ ಗಡಸು ಕೂದಲು ಗಾಜನ್ನು ತಿಕ್ಕುತ್ತದೆ, ಸುತ್ತಲಿನ ಮೆತ್ತನೆಯ ಕೂದಲು ಹರಡಿಕೊಂಡು ಚೌಕಟ್ಟಿನ ಮೂಲೆಗೆ ನುಗ್ಗುತ್ತದೆ.

ಅಗಲವನ್ನು ಕಿಟಕಿಯೇ ಹೇಳುತ್ತದೆ. ಮನೆಗಳಿಗೆ 25ರಿಂದ 30 ಸೆಂಟಿಮೀಟರ್ ಸಾಕು. ಕಚೇರಿಗಳ ದೊಡ್ಡ ಗಾಜಿಗೆ 45ರವರೆಗೂ ಹೋಗಬಹುದು. ಇಂಗ್ಲೆಂಡಿನ ಜಾರ್ಜಿಯನ್ ಕಾಲದ ಮನೆಗಳಲ್ಲಿ ಕಿಟಕಿಯೆಂದರೆ ಮರದ ಪಟ್ಟಿಗಳ ನಡುವೆ ಕೂರಿಸಿದ ಚಿಕ್ಕ ಚಿಕ್ಕ ಗಾಜಿನ ಚೌಕಗಳು. ಊದಿ, ತಿರುಗಿಸಿ ತಯಾರಿಸುತ್ತಿದ್ದ ಅಂದಿನ ಗಾಜಿನಿಂದ ದೊಡ್ಡ ಹಾಳೆ ಸಿಗುತ್ತಿರಲಿಲ್ಲ. ಅಂಥ ಕಿಟಕಿಗೆ ಅಗಲದ ಬ್ರಷ್ ಹಿಡಿದರೆ ಅದು ಪಟ್ಟಿಗಳ ಮೇಲೇ ಓಡಾಡುತ್ತದೆ, ಗಾಜಿನ ಮೂಲೆಯಲ್ಲಿ ಕೊಳೆ ಹಾಗೇ ಕೂತಿರುತ್ತದೆ.

ತೂಕವನ್ನು ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಅಳೆಯಬಾರದು. ಕೈಯಲ್ಲಿ 100 ಗ್ರಾಂ ಹೆಚ್ಚು ಕಡಿಮೆ ಲೆಕ್ಕಕ್ಕಿಲ್ಲ. 10 ಮೀಟರ್ ಕೋಲಿನ ತುದಿಯಲ್ಲಿ ಅದೇ 100 ಗ್ರಾಂ ಕೋಲನ್ನು ಬಾಗಿಸುತ್ತದೆ, ಸಂಜೆಯ ಹೊತ್ತಿಗೆ ಭುಜಕ್ಕೆ ಇಳಿಯುತ್ತದೆ. ಎತ್ತರ ಹೆಚ್ಚಿದಂತೆ ಬ್ರಷ್ ಚಿಕ್ಕದೂ ಹಗುರವೂ ಆಗಬೇಕು ಎನ್ನುವುದು ಇದಕ್ಕೇ.

ಜೆಟ್‌ನ ಲೆಕ್ಕ

ಜೆಟ್‌ಗಳಲ್ಲಿ ಎರಡು ಮನೆತನ. ಒಂದು ಪೆನ್ಸಿಲ್ ಜೆಟ್: ನೀರು ಕಡ್ಡಿಯಂತೆ ನೇರವಾಗಿ ಚಿಮ್ಮುತ್ತದೆ. ಇನ್ನೊಂದು ಫ್ಯಾನ್ ಜೆಟ್: ಬೀಸಣಿಗೆಯಂತೆ ಹರಡುತ್ತದೆ.

ಪೆನ್ಸಿಲ್ ಜೆಟ್‌ನಲ್ಲಿ ತೂತಿನ ಅಳತೆಯೇ ಎಲ್ಲ. 2 ಮಿಲಿಮೀಟರ್ ತೂತಿನ ವಿಸ್ತೀರ್ಣ 1.4 ಮಿಲಿಮೀಟರ್ ತೂತಿನ ಎರಡರಷ್ಟು. ಪಂಪು ನಿಮಿಷಕ್ಕೆ ಒಂದೂವರೆ ಲೀಟರ್ ನೀರು ಕೊಡುತ್ತಿದೆ ಎಂದುಕೊಳ್ಳಿ. 2 ಮಿಲಿಮೀಟರಿನ ಎರಡು ಜೆಟ್‌ಗಳಿಂದ ನೀರು ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಷ್ಟೇ ನೀರು 1.4ರ ಎರಡು ಜೆಟ್‌ಗಳಿಂದ ಬಂದರೆ ವೇಗ 8 ಮೀಟರ್. ಹೆಚ್ಚು ಜೆಟ್ ಇದ್ದರೆ ಹೆಚ್ಚು ತೊಳೆಯುತ್ತದೆ ಎಂದು 2 ಮಿಲಿಮೀಟರಿನ ನಾಲ್ಕು ಹಾಕಿದರೆ ವೇಗ 2 ಮೀಟರಿಗೆ ಇಳಿದು ನೀರು ಬ್ರಷ್ಷಿನಿಂದ ತೊಟ್ಟಿಕ್ಕತೊಡಗುತ್ತದೆ. ಹೊಸಬರು ಎಡವುವುದು ಇಲ್ಲೇ. ಜೆಟ್ ಹೆಚ್ಚಿಸಬೇಕಾದರೆ ನೀರನ್ನೂ ಹೆಚ್ಚಿಸಬೇಕು. ಪ್ರತಿ 10 ಮೀಟರ್ ಎತ್ತರಕ್ಕೆ ನೀರು ಹೆಚ್ಚುಕಡಿಮೆ 1 ಬಾರ್ ಒತ್ತಡ ಕಳೆದುಕೊಳ್ಳುತ್ತದೆ ಎಂಬುದನ್ನೂ ನೆನಪಿಡಬೇಕು.

ಫ್ಯಾನ್ ಜೆಟ್ ಬೇಕೋ ಬೇಡವೋ ಎನ್ನುವುದು ಗಾಜಿನ ಸ್ವಭಾವಕ್ಕೆ ಬಿಟ್ಟದ್ದು. ಕೆಲವು ಗಾಜಿನ ಮೇಲೆ ನೀರು ತೆಳು ಹಾಳೆಯಂತೆ ಹರಡಿ ಇಳಿಯುತ್ತದೆ. ಅದು ನೀರೊಲಿದ ಗಾಜು. ಅಲ್ಲಿ ಬ್ರಷ್ಷನ್ನು ಗಾಜಿನಿಂದ ಎತ್ತದೆ, ಪೆನ್ಸಿಲ್ ಜೆಟ್‌ನಿಂದಲೇ ತೊಳೆದು ಮುಗಿಸಬಹುದು. ಇನ್ನು ಕೆಲವು ಗಾಜಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಲ್ಲುತ್ತದೆ. ಈ ನೀರೊಲ್ಲದ ಗಾಜಿನಲ್ಲಿ ಪ್ರತಿ ಹನಿಯೂ ತನ್ನೊಳಗಿನ ಕೊಳೆಯೊಂದಿಗೆ ಅಲ್ಲೇ ಒಣಗುವ ಅಪಾಯವಿದೆ. ಬ್ರಷ್ಷನ್ನು ಗಾಜಿನಿಂದ ತುಸು ಹಿಂದೆಳೆದು, ಮೇಲಿನಿಂದ ಕೆಳಗೆ ಅಗಲವಾಗಿ ನೀರು ಹಾಯಿಸಬೇಕು. ಫ್ಯಾನ್ ಜೆಟ್ ಬೆಲೆ ಬಾಳುವುದು ಇಲ್ಲಿ. ಅದಕ್ಕೆ ನಿಮಿಷಕ್ಕೆ 2 ಲೀಟರಿಗೂ ಹೆಚ್ಚು ನೀರು ಬೇಕು, ಎದುರಿಗೆ ಕೂದಲು ಅಡ್ಡ ಬರಬಾರದು. ಬಂದರೆ ಬೀಸಣಿಗೆ ಮುರಿದು ಬರೀ ಹನಿಯಾಗುತ್ತದೆ.

ಕ್ರಮ ಮತ್ತು ಎಚ್ಚರ

ಮೊದಲು ಮೇಲಿನ ಚೌಕಟ್ಟು, ಆಮೇಲೆ ಗಾಜು, ಕಡೆಗೆ ಕೆಳಗಿನ ಕಟ್ಟೆ. ನೀರುಗೋಲು ಬಳಸಿದ ಮೇಲೂ ಕಲೆ ಬಿತ್ತೆಂದರೆ ನೀರನ್ನು ದೂರುವ ಮುನ್ನ ಚೌಕಟ್ಟಿನ ಸಂದಿ ನೋಡಬೇಕು. ಅಲ್ಲಿ ಉಳಿದ ದೂಳು ನಿಧಾನವಾಗಿ ಒಸರಿ ಒಣಗಿದ ಗಾಜಿನ ಮೇಲೆ ಗೆರೆ ಎಳೆಯುತ್ತದೆ. ಹಾಗಾಗಿ ಹೊಸ ಮನೆಯ ಮೊದಲ ತೊಳೆತಕ್ಕೆ ಹೆಚ್ಚು ಸಮಯ, ಹೆಚ್ಚು ನೀರು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕಾರ್ಬನ್ ಫೈಬರ್ ಹಗುರ, ಗಟ್ಟಿ, ಆದರೆ ಅದರಲ್ಲಿ ವಿದ್ಯುತ್ ಹರಿಯಬಲ್ಲದು. ಅಲ್ಯೂಮಿನಿಯಂ ಕೂಡ ಹಾಗೆಯೇ. ಗ್ಲಾಸ್ ಫೈಬರ್ ಕೋಲಾದರೂ ಒದ್ದೆಯಾದಾಗ ಅದನ್ನು ನಂಬುವಂತಿಲ್ಲ. ವಿದ್ಯುತ್ ತಂತಿ ಹಾದುಹೋದ ಕಡೆ ನೀರುಗೋಲು ಎತ್ತಬಾರದು.

ನಮ್ಮೂರಿನ ಗಾಜು

ಬೆಂಗಳೂರಿನಲ್ಲಿ ಗಾಜಿನ ಮುಖದ ಕಟ್ಟಡಗಳಿಗೆ ಲೆಕ್ಕವಿಲ್ಲ. ಗಗನಚುಂಬಿಗಳಿಗೆ ತೂಗುತೊಟ್ಟಿಲು, ಹಗ್ಗ ಬೇಕೇ ಬೇಕು. ನೀರುಗೋಲು ಅಷ್ಟು ಎತ್ತರಕ್ಕೆ ನಿಲುಕದು. ಮೂರು ನಾಲ್ಕು ಮಹಡಿಯ ಅಪಾರ್ಟ್‌ಮೆಂಟು, ಶಾಲೆ, ನರ್ಸಿಂಗ್ ಹೋಮುಗಳಿಗೆ ಅದು ಹೇಳಿ ಮಾಡಿಸಿದ್ದು. ನಮ್ಮಲ್ಲಿ ಆರ್‌ಒ ಹೊರಹಾಕುವ ನೀರಿನ ಚಿಂತೆ ನ್ಯಾಯವಾದದ್ದೇ. ಆ ನೀರನ್ನು ನೆಲ ತೊಳೆಯಲು, ಶೌಚಾಲಯಕ್ಕೆ ತಿರುಗಿಸಿಕೊಳ್ಳಬಹುದು. ಮಳೆನೀರು ಹಿಡಿಯುವ ತೊಟ್ಟಿ ಇರುವ ಕಟ್ಟಡಕ್ಕೆ ಇನ್ನೂ ಒಳ್ಳೆಯ ದಾರಿಯಿದೆ. ಮಳೆನೀರಿನಲ್ಲಿ ಕರಗಿದ ಲವಣ ಬಹಳ ಕಡಿಮೆ. ಸೋಸಿ ರೆಸಿನ್ನಿನ ಮೂಲಕ ಹಾಯಿಸಿದರೆ ಗಾಜಿಗೆ ತಕ್ಕ ನೀರು ಸಿದ್ಧ.

ಕೊಳ್ಳುವವರಿಗೆ ಇಷ್ಟು ಸಾಕು: ಗಾಜನ್ನು ಒದ್ದೆ ಮಾಡಿ ಅದರ ಸ್ವಭಾವ ನೋಡಿ, ಪಂಪಿನ ನೀರನ್ನು ಬಕೆಟ್ಟಿಗೆ ಹಿಡಿದು ಅಳೆಯಿರಿ, ಆಮೇಲೆ ಬ್ರಷ್ ಮತ್ತು ಜೆಟ್ ಆರಿಸಿ. ಅಪಾರ್ಟ್‌ಮೆಂಟ್ ಸಂಘದವರಲ್ಲಿ ಒಂದು ಮನವಿ. ದೀಪಾವಳಿಗೋ ಯುಗಾದಿಗೋ ಕಿಟಕಿ ತೊಳೆಸಲು ಆಳು ಕರೆದಾಗ ಕೂಲಿ ಮಾತಾಡುವ ಮುನ್ನ, ಈ ಕೆಲಸವನ್ನು ಹತ್ತದೆ ಮಾಡಲು ಆಗುತ್ತದೆಯೇ ಎಂದು ಕೇಳಿ. ಆಗುತ್ತದೆ ಎಂದಾದರೆ ಅವನನ್ನು ಏಣಿ ಹತ್ತಿಸಬೇಡಿ.